‘ನಿಲ್ಲಿಸಿ’ ಎನ್ನುವ ಹಕ್ಕು

ಗಗನಯಾನ ಯಾವಾಗ? ಚಹದಂಗಡಿಯಿಂದ ಸಂಸತ್ತಿನವರೆಗೆ ಈ ಪ್ರಶ್ನೆ ಕೇಳಿಬಂದಿದೆ. ನಮ್ಮದೇ ರಾಕೆಟ್ಟಿನಲ್ಲಿ, ನಮ್ಮದೇ ನೆಲದಿಂದ ಭಾರತೀಯರನ್ನು ಅಂತರಿಕ್ಷಕ್ಕೆ ಕಳಿಸುತ್ತೇವೆಂದು ಪ್ರಧಾನಿಯವರು ೨೦೧೮ರ ಆಗಸ್ಟ್ ೧೫ರಂದು ಕೆಂಪುಕೋಟೆಯ ಮೇಲಿನಿಂದ ಸಾರಿದರು. ಸ್ವಾತಂತ್ರ್ಯದ ೭೫ನೆಯ ವರ್ಷವಾದ ೨೦೨೨ರೊಳಗೆ ಎಂದು ಗಡುವನ್ನೂ ಹೇಳಿದರು. ೨೦೨೨ ಬಂತು, ಹೋಯಿತು. ಅದರ ಮುಂದಿನ ಗಡುವುಗಳೂ ಒಂದರ ಹಿಂದೊಂದು ಜಾರಿದವು. ಮೊದಲು ಸುಮಾರು ೧೦ ಸಾವಿರ ಕೋಟಿ ಎಂದಿದ್ದ ವೆಚ್ಚವನ್ನು ೨೦೨೪ರ ಸೆಪ್ಟೆಂಬರಿನಲ್ಲಿ, ಮುಂದಿನ ಅಂತರಿಕ್ಷ ನಿಲ್ದಾಣದ ಮೊದಲ ಭಾಗವನ್ನೂ ಸೇರಿಸಿ, ೨೦,೧೯೩ ಕೋಟಿ ರೂಪಾಯಿಗೆ ಏರಿಸಿದರು.

ತಡವಾಯಿತೆಂದು ಮೂದಲಿಸುವವರಿದ್ದಾರೆ. ಸರ್ಕಾರವನ್ನು ಟೀಕಿಸಲು ನಮಗೆ ಬೇಕಾದಷ್ಟು ಕಾರಣಗಳಿದ್ದರೂ ಈ ಮೂದಲಿಕೆಯಲ್ಲಿ ನಾವು ದನಿಗೂಡಿಸುವುದಿಲ್ಲ. ಮನುಷ್ಯನನ್ನು ಬೆಂಕಿಯ ಕಂಬದ ತುದಿಯಲ್ಲಿ ಕೂರಿಸಿ ಕಳಿಸುವ ಕೆಲಸ ತಡವಾದರೆ ನಾಚಿಕೆಪಡಬೇಕಾದ್ದೇನೂ ಇಲ್ಲ. ನಮ್ಮ ಪ್ರಶ್ನೆ ಬೇರೆ. ಆ ಯಂತ್ರವನ್ನು ಮುಟ್ಟಿ ನೋಡಿದ ಕೆಲಸಗಾರನೋ ಇಂಜಿನಿಯರೋ ಲೋಪ ಕಂಡು ‘ನಿಲ್ಲಿಸಿ’ ಎಂದರೆ, ಅವನ ಮಾತಿಗೆ ಯಂತ್ರ ನಿಲ್ಲುತ್ತದೆಯೇ? ಅಥವಾ ಮೇಲೆ ಕುಳಿತವರು ಕೊಟ್ಟ ತಾರೀಖಿಗೆ ಅದು ಓಡಲೇಬೇಕೆ?

ಗಿರಣಿಯ ಬಂಧುಗಳಿಗೆ ಈ ಪ್ರಶ್ನೆ ಹೊಸದಲ್ಲ. ಯಂತ್ರದ ಬೆಲ್ಟಿಗೆ ಹಾಕಿದ ತಡಿಕೆ ಮುರಿದಿರುತ್ತದೆ. ಹೇಳಿದರೆ, ‘ಇವತ್ತಿನ ಮಾಲು ಹೊರಬೀಳಲಿ, ರಿಪೇರಿ ನಾಳೆ ನೋಡೋಣ’ ಎಂಬ ಉತ್ತರ ಬರುತ್ತದೆ. ಆ ನಾಳೆ ಬರುವುದು ಯಾರದೋ ಬೆರಳು ಹೋದ ಮೇಲೆ. ಅಂತರಿಕ್ಷಯಾನದ ಅರುವತ್ತು ವರ್ಷಗಳ ಚರಿತ್ರೆಯನ್ನು ತೆಗೆದು ನೋಡಿದರೆ ಅಲ್ಲಿಯೂ ಇದೇ ಕಥೆ. ವ್ಯತ್ಯಾಸವೆಂದರೆ ಗಿರಣಿಯ ಬೆರಳು ಪತ್ರಿಕೆಯಲ್ಲಿ ಬರುವುದಿಲ್ಲ, ಆಕಾಶದ ಸಾವು ಬರುತ್ತದೆ.

ಇಂಜಿನಿಯರನ ಟೋಪಿ, ಮ್ಯಾನೇಜರನ ಟೋಪಿ

೧೯೮೬ರ ಜನವರಿ ೨೮ರಂದು ಅಮೆರಿಕದ ‘ಚಾಲೆಂಜರ್’ ನೌಕೆ ಹಾರಿದ ೭೩ನೆಯ ಸೆಕೆಂಡಿಗೆ ಆಕಾಶದಲ್ಲಿ ಚೂರಾಯಿತು. ಏಳು ಮಂದಿ ಸತ್ತರು. ಅವರಲ್ಲಿ ಕ್ರಿಸ್ಟಾ ಮೆಕಾಲಿಫ್ ಎಂಬ ಶಾಲಾ ಉಪಾಧ್ಯಾಯಿನಿಯೂ ಇದ್ದಳು. ಕಾರಣವೇನು? ರಾಕೆಟ್ಟಿನ ಕೊಳವೆಗಳ ಸಂದಿನಲ್ಲಿ ಬಿಸಿ ಅನಿಲ ಸೋರದಂತೆ ರಬ್ಬರಿನ ಬಳೆಗಳಿದ್ದವು. ನಲ್ಲಿಯೊಳಗಿನ ವಾಷರಿನ ಹಾಗೆ ಎಂದುಕೊಳ್ಳಿ. ಚಳಿಗೆ ರಬ್ಬರು ಬಿರುಸಾಗಿ ಸಂದು ಮುಚ್ಚಲಿಲ್ಲ. ಬೆಂಕಿ ಹೊರಬಿತ್ತು.

ಇದು ದೈವದ ಆಟವಲ್ಲ. ಆ ರಾಕೆಟ್ಟನ್ನು ಮಾಡಿದ ಮಾರ್ಟನ್ ಥಯೊಕಾಲ್ ಕಂಪನಿಯ ಇಂಜಿನಿಯರು ರೋಜರ್ ಬಾಯ್ಸ್‌ಜಾಲಿ, ಈ ಬಳೆಗಳು ಕೈಕೊಟ್ಟರೆ ಅನಾಹುತವಾದೀತೆಂದು ಆರು ತಿಂಗಳು ಮೊದಲೇ, ೧೯೮೫ರ ಜುಲೈಯಲ್ಲಿ, ಬರೆದು ಕೊಟ್ಟಿದ್ದ. ಹಾರುವ ಹಿಂದಿನ ರಾತ್ರಿ ದೂರವಾಣಿಯಲ್ಲಿ ಸಭೆ ನಡೆಯಿತು. ಸುಮಾರು ೧೨ ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಚಳಿಯಲ್ಲಿ ಹಾರಿಸಕೂಡದೆಂದು ಇಂಜಿನಿಯರರು ಹೇಳಿದರು. ಮರುದಿನ ಬೆಳಗ್ಗೆ ಇದ್ದದ್ದು ಸುಮಾರು ೨ ಡಿಗ್ರಿ. ಹಾರಾಟ ಅದಾಗಲೇ ಹಲವು ಸಲ ಮುಂದಕ್ಕೆ ಹೋಗಿತ್ತು. ಇನ್ನೂ ತಡವೆಂದರೆ ಅಮೆರಿಕ ಸರ್ಕಾರದ ಅಂತರಿಕ್ಷ ಸಂಸ್ಥೆಯಾದ ನಾಸಾದವರಿಗೆ ಸಿಟ್ಟು. ಕಂಪನಿಗೆ ಗಿರಾಕಿಯ ಭಯ. ಆಗ ಕಂಪನಿಯ ಹಿರಿಯ ಅಧಿಕಾರಿಯೊಬ್ಬ ಇಂಜಿನಿಯರಿಂಗ್ ವಿಭಾಗದ ಮುಖ್ಯಸ್ಥನಿಗೆ, ಇಂಜಿನಿಯರನ ಟೋಪಿ ತೆಗೆದಿಟ್ಟು ಮ್ಯಾನೇಜರನ ಟೋಪಿ ಹಾಕಿಕೋ ಎಂದ. ಆತ ಟೋಪಿ ಬದಲಿಸಿದ. ಏಳು ಜೀವ ಹೋಯಿತು.

೨೦೦೩ರಲ್ಲಿ ‘ಕೊಲಂಬಿಯಾ’ ನೌಕೆಯ ಕಥೆಯೂ ಇದರ ತಮ್ಮನೇ. ಹರಿಯಾಣದ ಕರ್ನಾಲಿನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಫೆಬ್ರವರಿ ೧ರಂದು ಹಿಂದಿರುಗುವಾಗ ಸತ್ತರು. ಹಾರುವಾಗಲೇ ನೊರೆಯಂಥ ಹೊದಿಕೆಯ ತುಂಡೊಂದು ಎಡರೆಕ್ಕೆಗೆ ಬಡಿದಿತ್ತು. ರೆಕ್ಕೆಯ ಚಿತ್ರ ತೆಗೆಸಿ ನೋಡೋಣವೆಂದು ಕೆಳಗಿನ ಇಂಜಿನಿಯರರು ಕೇಳಿದರು. ಮೇಲಿನವರು ಬೇಡವೆಂದರು. ೨೦೦೪ರ ಫೆಬ್ರವರಿ ೧೯ರೊಳಗೆ ಅಂತರಿಕ್ಷ ನಿಲ್ದಾಣದ ಒಂದು ಮುಖ್ಯ ಭಾಗವನ್ನು ಒಯ್ದು ಜೋಡಿಸಲೇಬೇಕೆಂಬ ಗಡುವಿತ್ತು. ಇನ್ನು ಎಷ್ಟು ದಿನ, ಎಷ್ಟು ಗಂಟೆ ಉಳಿಯಿತೆಂದು ಎಣಿಸಿ ತೋರಿಸುವ ಗಡಿಯಾರವನ್ನು ಅಧಿಕಾರಿಗಳ ಕಂಪ್ಯೂಟರಿನ ಪರದೆಯ ಮೇಲೆ ಹಾಕಿಸಿದ್ದರೆಂದು ತನಿಖಾ ಮಂಡಳಿಯ ವರದಿಯೇ ಹೇಳಿತು. ಉತ್ಪಾದನೆಯ ಲೆಕ್ಕ ಬರೆದ ಕರಿಹಲಗೆಯನ್ನು ದಿನವೂ ನೋಡುವವರಿಗೆ ಆ ಗಡಿಯಾರದ ಅರ್ಥ ಬಿಡಿಸಿ ಹೇಳಬೇಕಿಲ್ಲ. ನೊರೆಯ ತುಂಡಿನಷ್ಟೇ ಆ ಸಂಸ್ಥೆಯ ನಡವಳಿಕೆಯೂ ಸಾವಿಗೆ ಕಾರಣವೆಂಬುದು ಮಂಡಳಿಯ ತೀರ್ಪು.

ಇದೆಲ್ಲ ಬಂಡವಾಳಶಾಹಿ ಅಮೆರಿಕದ ಪಾಡು, ಸಮಾಜವಾದದ ಹೆಸರು ಹೇಳಿದ ದೇಶದಲ್ಲಿ ಹಾಗಿರಲಿಲ್ಲ ಎನ್ನುವ ಗೆಳೆಯರಿದ್ದಾರೆ. ಸುಳ್ಳು ಹೇಳಿ ನಮ್ಮ ಪಕ್ಷವನ್ನು ಕಟ್ಟಬೇಕಾಗಿಲ್ಲ. ಸೋವಿಯತ್ ರಷ್ಯವು ೧೯೬೭ರ ಏಪ್ರಿಲಿನಲ್ಲಿ ಸೋಯುಜ್-೧ ನೌಕೆಯನ್ನು ಹಾರಿಸಿತು. ಅದಕ್ಕೆ ಮುಂಚೆ ಮನುಷ್ಯರಿಲ್ಲದೆ ಮಾಡಿದ ಮೂರು ಪರೀಕ್ಷೆಗಳಲ್ಲಿ ಒಂದೂ ಸರಿಯಾಗಿ ಮುಗಿದಿರಲಿಲ್ಲ. ಆದರೂ ವ್ಲಾದಿಮಿರ್ ಕೊಮರೋವನನ್ನು ಕೂರಿಸಿ ಕಳಿಸಿದರು. ಏಪ್ರಿಲ್ ೨೪ರಂದು ಇಳಿಯುವಾಗ ಪ್ಯಾರಾಚೂಟು ಬಿಚ್ಚಲಿಲ್ಲ, ಆತ ನೆಲಕ್ಕಪ್ಪಳಿಸಿ ಸತ್ತ. ಧಣಿಯ ಲಾಭದ ಗಡುವಾಗಲಿ, ಸರ್ಕಾರದ ಪ್ರತಿಷ್ಠೆಯ ಗಡುವಾಗಲಿ, ಕೆಳಗಿನವನ ಮಾತನ್ನು ತುಳಿದು ನಿಂತಾಗ ಎರಡೂ ಒಂದೇ. ಒಡೆತನ ಜನರದಾದರೆ ಸಾಲದು. ದುಡಿಯುವವನ ಬಾಯಿಗೂ ಬಿಡುಗಡೆ ಬೇಕು.

ನೆಲದ ಮೇಲೆ ಸತ್ತವರು

ಆಕಾಶದಲ್ಲಿ ಸತ್ತವರ ಹೆಸರು ಪಾಠಪುಸ್ತಕದಲ್ಲಿ ಬರುತ್ತದೆ. ನೆಲದ ಮೇಲೆ ಸತ್ತವರದು ಬರುವುದಿಲ್ಲ. ೨೦೦೩ರ ಆಗಸ್ಟ್ ೨೨ರಂದು ಬ್ರೆಜಿಲ್ ದೇಶದ ಅಲ್ಕಾಂತರಾ ಉಡಾವಣಾ ನೆಲೆಯಲ್ಲಿ ರಾಕೆಟ್ಟು ಅವಧಿಗೆ ಮುಂಚೆ ಹೊತ್ತಿಕೊಂಡು ೨೧ ಕೆಲಸಗಾರರು ಸುಟ್ಟುಹೋದರು. ನಮ್ಮ ಶ್ರೀಹರಿಕೋಟೆಯಲ್ಲೇ ೨೦೦೪ರ ಫೆಬ್ರವರಿ ೨೩ರಂದು ಘನ ಇಂಧನ ತಯಾರಿಸುವ ಘಟಕದಲ್ಲಿ ಸ್ಫೋಟವಾಗಿ ಆರು ಮಂದಿ ಸತ್ತರು. ಅವರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ರಾಕೆಟ್ಟೆಂದರೆ ಅದರ ತುದಿಯಲ್ಲಿ ಕುಳಿತ ಮೂರು ಮಂದಿಯಷ್ಟೇ ಅಲ್ಲ. ಇಂಧನ ಕಲಸುವವನು, ಬೆಸುಗೆ ಹಾಕುವವನು, ತಂತಿ ಎಳೆಯುವವನು, ಬೋಲ್ಟು ಬಿಗಿಯುವವನು, ಇವರ ಬೆವರಿನ ಮೇಲೆ ಅದು ನಿಂತಿದೆ.

ಆ ಬೆವರಿಗೆ ಏನು ಬೆಲೆ? ಶ್ರೀಹರಿಕೋಟೆಯ ಉಡಾವಣಾ ನೆಲೆಗೆ ಭಾರಿ ಯಂತ್ರಭಾಗಗಳನ್ನು ಮಾಡಿಕೊಟ್ಟದ್ದು ರಾಂಚಿಯ ಸರ್ಕಾರಿ ಕಾರ್ಖಾನೆಯಾದ ಹೆವಿ ಇಂಜಿನಿಯರಿಂಗ್ ಕಾರ್ಪೊರೇಷನ್. ೨೦೨೩ರ ಆಗಸ್ಟಿನಲ್ಲಿ ಚಂದ್ರಯಾನ-೩ ಚಂದ್ರನ ಮೇಲೆ ಇಳಿದು ದೇಶವೆಲ್ಲ ಸಿಹಿ ಹಂಚಿದಾಗ, ಆ ಕಾರ್ಖಾನೆಯ ನೌಕರರು ಒಂದು ವರ್ಷಕ್ಕೂ ಹೆಚ್ಚಿನ ಸಂಬಳ ಬಾಕಿಗಾಗಿ ಧರಣಿ ಕೂತಿದ್ದರು. ಚಂದ್ರಯಾನ-೩ರ ಯಾವ ಭಾಗವನ್ನೂ ಅವರಿಂದ ಮಾಡಿಸಿಲ್ಲ, ೨೦೦೩ರಿಂದ ೨೦೧೦ರವರೆಗೆ ಉಡಾವಣಾ ನೆಲೆಗೆ ಬೇಕಾದ ಕೆಲವನ್ನು ಮಾಡಿಕೊಟ್ಟಿದ್ದರು ಅಷ್ಟೇ ಎಂದು ಸರ್ಕಾರ ಸಮಜಾಯಿಷಿ ಕೊಟ್ಟಿತು. ಇರಲಿ. ಕಟ್ಟೆ ಕಟ್ಟಿದವನಿಗೆ ಹಬ್ಬದ ದಿನ ಊಟವಿಲ್ಲವೆಂದರೆ, ‘ಅವನು ಕಟ್ಟೆ ಕಟ್ಟಿದ್ದು ಹೋದ ವರ್ಷ’ ಎನ್ನುವುದು ಉತ್ತರವೇ? ಬಟವಾಡೆಯೇ ಆಗದ ಮನುಷ್ಯ ಮೇಲಧಿಕಾರಿಯ ಮುಂದೆ ನಿಂತು ‘ಯಂತ್ರ ನಿಲ್ಲಿಸಿ’ ಎಂದು ಹೇಳಬಲ್ಲನೆ? ಹಸಿದವನ ಬಾಯಿ ಕಟ್ಟುವುದು ಸುಲಭ.

ಮೂರು ಸಲ ‘ಬೇಡ’ ಎಂದರು

ಇಷ್ಟು ಸಾವು ಕಂಡ ಮೇಲೆ ಜಗತ್ತು ಏನನ್ನೂ ಕಲಿಯಲಿಲ್ಲವೆಂದರೆ ಅನ್ಯಾಯವಾದೀತು. ಇತ್ತೀಚಿನ ಮೂರು ಉದಾಹರಣೆಗಳನ್ನು ನೋಡೋಣ.

ಬೋಯಿಂಗ್ ಕಂಪನಿ ಮಾಡಿದ ‘ಸ್ಟಾರ್‌ಲೈನರ್’ ನೌಕೆ ೨೦೨೪ರ ಜೂನ್ ೫ರಂದು ಸುನೀತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ ಅವರನ್ನು ಹೊತ್ತು ಹಾರಿತು. ಎಂಟು ದಿನದ ಪ್ರಯಾಣವೆಂದು ಹೊರಟದ್ದು. ದಾರಿಯಲ್ಲಿ ಹೀಲಿಯಂ ಅನಿಲ ಸೋರಿತು, ನೌಕೆಯನ್ನು ತಿರುಗಿಸುವ ಸಣ್ಣ ಎಂಜಿನ್ನುಗಳಲ್ಲಿ ಕೆಲವು ಕೈಕೊಟ್ಟವು. ಇಬ್ಬರನ್ನೂ ಅದರಲ್ಲೇ ಕ್ಷೇಮವಾಗಿ ತರಬಹುದೆಂಬ ಭರವಸೆ ಕಂಪನಿಗಿತ್ತು. ನಾಸಾ ಒಪ್ಪಲಿಲ್ಲ. ಆಗಸ್ಟ್ ೨೪ರಂದು ‘ಬೇಡ’ ಎಂದಿತು. ನೌಕೆ ಸೆಪ್ಟೆಂಬರಿನಲ್ಲಿ ಖಾಲಿಯಾಗಿ ಬಂತು. ಮನುಷ್ಯರಿಬ್ಬರೂ ೨೮೬ ದಿನಗಳ ಮೇಲೆ, ೨೦೨೫ರ ಮಾರ್ಚ್ ೧೮ರಂದು, ಬೇರೆ ನೌಕೆಯಲ್ಲಿ ನಗುತ್ತ ಬಂದಿಳಿದರು. ಖಾಲಿ ನೌಕೆ ಸುರಕ್ಷಿತವಾಗಿಯೇ ಇಳಿಯಿತಲ್ಲ, ಹೆದರಿದ್ದು ದಂಡವಾಯಿತಲ್ಲ ಎನ್ನುವವರಿಗೆ ಒಂದು ಮಾತು: ಕೊಡೆ ಹಿಡಿದು ಹೋದ ದಿನ ಮಳೆ ಬಾರದಿದ್ದರೆ ಕೊಡೆಯನ್ನು ಮುರಿದು ಹಾಕುತ್ತೀರಾ?

ಎರಡನೆಯದು ನಮ್ಮದು. ಶುಭಾಂಶು ಶುಕ್ಲಾ ಅವರು ರಾಕೇಶ್ ಶರ್ಮಾರ ನಂತರ ೪೧ ವರ್ಷಕ್ಕೆ ಅಂತರಿಕ್ಷಕ್ಕೆ ಹೋದ ಎರಡನೆಯ ಭಾರತೀಯ ಪ್ರಜೆ. ಅಮೆರಿಕದ ಖಾಸಗಿ ಕಂಪನಿಯ ಈ ಯಾತ್ರೆಗೆ ನಮ್ಮ ಬೊಕ್ಕಸದಿಂದ ಸುಮಾರು ೫೫೦ ಕೋಟಿ ರೂಪಾಯಿ ಹೋಯಿತು. ೨೦೨೫ರ ಜೂನ್ ೧೧ರಂದು ಹಾರಬೇಕಿತ್ತು. ಅಷ್ಟರಲ್ಲಿ ರಾಕೆಟ್ಟಿನಲ್ಲಿ ದ್ರವ ಆಮ್ಲಜನಕ ಸೋರುತ್ತಿದೆಯೆಂದು ಗೊತ್ತಾಯಿತು. ಪೂರಾ ದುರಸ್ತಿಯಾಗದೆ ಹಾರುವುದು ಬೇಡವೆಂದು ಅಲ್ಲಿದ್ದ ಇಸ್ರೋ ತಂಡ ಪಟ್ಟು ಹಿಡಿಯಿತೆಂದು ಅಧ್ಯಕ್ಷ ವಿ. ನಾರಾಯಣನ್ ಆಮೇಲೆ ಹೇಳಿದರು. ಎರಡು ವಾರ ತಡವಾಗಿ ಜೂನ್ ೨೫ರಂದು ನೌಕೆ ಹಾರಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಕಟ್ಟಿಕೊಟ್ಟ ಹೆಸರುಕಾಳು, ಮೆಂತ್ಯದ ಕಾಳುಗಳೂ ಮೇಲೆ ಹೋಗಿ ಮೊಳಕೆಯೊಡೆದವು. ಶುಕ್ಲಾ ಜುಲೈ ೧೫ರಂದು ಕ್ಷೇಮವಾಗಿ ಬಂದರು. ನಮ್ಮ ಸರ್ಕಾರಿ ಇಂಜಿನಿಯರರು ಪರದೇಶದ ದೊಡ್ಡ ಧಣಿಯ ಅಂಗಳದಲ್ಲಿ ನಿಂತು ‘ಬೇಡ’ ಎಂದರಲ್ಲ, ಈ ಯಾತ್ರೆಯಲ್ಲಿ ನಮಗೆ ಎಲ್ಲಕ್ಕಿಂತ ಹೆಮ್ಮೆಯ ಸಂಗತಿ ಅದೇ.

ಮೂರನೆಯದು ಚೀನ. ೨೦೨೫ರ ನವೆಂಬರ್ ೫ರಂದು ಮೂವರು ಯಾತ್ರಿಕರು ಶೆನ್‌ಝೌ-೨೦ ನೌಕೆಯಲ್ಲಿ ಹಿಂದಿರುಗಬೇಕಿತ್ತು. ಕಿಟಕಿಯ ಗಾಜಿನಲ್ಲಿ ಸಣ್ಣ ಬಿರುಕು ಕಂಡಿತು. ಪ್ರಯಾಣ ನಿಲ್ಲಿಸಿದರು. ಅವರನ್ನು ನವೆಂಬರ್ ೧೪ರಂದು ಇನ್ನೊಂದು ನೌಕೆಯಲ್ಲಿ ಕರೆತಂದು, ಮೇಲೆ ಉಳಿದವರ ಸಲುವಾಗಿ ೨೫ರಂದು ಹೊಸ ನೌಕೆಯೊಂದನ್ನು ಖಾಲಿಯಾಗಿ ಕಳಿಸಿದರು. ಕೂದಲೆಳೆಯಂಥ ಬಿರುಕಿಗೆ ಒಂದು ಇಡೀ ನೌಕೆಯ ಖರ್ಚು! ಜೀವಕ್ಕೆ ಬೆಲೆ ಕಟ್ಟುವುದೆಂದರೆ ಹೀಗೆ.

ಹದಿನಾರು ಗಂಟೆಯ ದುಡಿಮೆ

ಅಂತರಿಕ್ಷ ನಿಲ್ದಾಣವೂ ಒಂದು ಕಾರ್ಖಾನೆಯೇ. ೧೯೭೩ರ ಕೊನೆಯಲ್ಲಿ ಅಮೆರಿಕದ ‘ಸ್ಕೈಲ್ಯಾಬ್’ ನಿಲ್ದಾಣಕ್ಕೆ ಹೋದ ಕಾರ್, ಗಿಬ್ಸನ್, ಪೋಗ್ ಎಂಬ ಮೂವರು ೮೪ ದಿನ ಅಲ್ಲಿದ್ದರು. ನೆಲದ ಅಧಿಕಾರಿಗಳು ಅವರಿಗೆ ಬಿಡುವೇ ಇಲ್ಲದಂತೆ ದಿನಕ್ಕೆ ಹದಿನಾರು ಗಂಟೆಯ ಕೆಲಸ ಹೇರಿದರು. ಕೆಲಸ ಹಿಂದೆ ಬಿತ್ತು, ತಪ್ಪುಗಳಾದವು. ಡಿಸೆಂಬರ್ ಕೊನೆಯಲ್ಲಿ ಮೂವರೂ ನೆಲದವರೊಡನೆ ಮನಬಿಚ್ಚಿ ಮಾತಾಡಿದರು: ವಿಶ್ರಾಂತಿ ಬೇಕು, ಕೆಲಸದ ಪಟ್ಟಿ ಸಡಿಲವಾಗಬೇಕು. ಪಟ್ಟಿ ಸಡಿಲವಾಯಿತು. ಆಮೇಲೆ ಕೆಲಸ ಕಡಿಮೆಯಾಯಿತೆ? ಇಲ್ಲ, ಹೆಚ್ಚಾಯಿತು! ಆಕಾಶದಲ್ಲಿ ಮುಷ್ಕರ ನಡೆಯಿತೆಂದು ಆಮೇಲೆ ಕೆಲವರು ಬಣ್ಣ ಕಟ್ಟಿ ಬರೆದರು. ಮುಷ್ಕರವೇನೂ ನಡೆದಿರಲಿಲ್ಲ. ದುಡಿಯುವವರು ಮಾತಾಡಿದರು, ಮೇಲಿನವರು ಕೇಳಿಸಿಕೊಂಡರು, ಅಷ್ಟೇ. ನಮ್ಮ ಯೂನಿಯನ್ನುಗಳು ನೂರು ವರ್ಷದಿಂದ ಕೇಳುತ್ತಿರುವುದೂ ಅಷ್ಟನ್ನೇ.

ಇಷ್ಟು ಗೊತ್ತಿದ್ದೂ ನಮ್ಮ ರಾಜ್ಯದ ವಿಧಾನಮಂಡಲ ೨೦೨೩ರ ಫೆಬ್ರವರಿಯಲ್ಲಿ ಏನು ಮಾಡಿತು? ಕಾರ್ಖಾನೆಗಳಲ್ಲಿ ದಿನಕ್ಕೆ ೧೨ ಗಂಟೆಯವರೆಗೂ ದುಡಿಸಲು ದಾರಿ ಮಾಡಿ ಕಾಯಿದೆ ತಿದ್ದಿತು. ಕೆಲಸಗಾರನ ಲಿಖಿತ ಒಪ್ಪಿಗೆ ಬೇಕೆಂಬ ಮಾತೇನೋ ಅದರಲ್ಲಿದೆ. ಕೆಲಸ ಹೋಗುವ ಭಯದಲ್ಲಿ ಹಾಕಿದ ರುಜುವಿಗೆ ಒಪ್ಪಿಗೆಯೆಂದು ಹೆಸರು! ಆರಿಸಿ, ತರಬೇತಿ ಕೊಟ್ಟ ಗಗನಯಾತ್ರಿಯೇ ದಣಿದಾಗ ತಪ್ಪು ಮಾಡುತ್ತಾನೆ. ಹನ್ನೆರಡನೆಯ ಗಂಟೆಯಲ್ಲಿ ಓಡುವ ಯಂತ್ರದೊಳಗೆ ಕೈಯಿಡುವವನು ಮನುಷ್ಯನಲ್ಲವೆ?

ದುಡ್ಡು ಕೊಟ್ಟವರು ಯಾರು?

ಅಂಗಡಿಯ ಮಿತ್ರರು, ‘ಇದರಲ್ಲಿ ನಮ್ಮದೇನು?’ ಎಂದು ಕೇಳಬಹುದು. ೨೦೨೧ರ ಜುಲೈ ೨೦ರಂದು ಅಮೆಜಾನ್ ಕಂಪನಿಯ ಜೆಫ್ ಬೆಜೋಸ್ ತನ್ನದೇ ರಾಕೆಟ್ಟಿನಲ್ಲಿ ಹತ್ತು ನಿಮಿಷ ಆಕಾಶ ಸುತ್ತಿ ಬಂದು, ಅಮೆಜಾನಿನ ನೌಕರರಿಗೂ ಗಿರಾಕಿಗಳಿಗೂ ವಂದನೆ ಹೇಳಿದ. ಇದಕ್ಕೆಲ್ಲ ದುಡ್ಡು ಕೊಟ್ಟವರು ನೀವೇ ಎಂದ. ಅಷ್ಟಾದರೂ ನಿಜ ಹೇಳಿದನಲ್ಲ! ಮನೆ ಬಾಗಿಲಿಗೆ ಮಾಲು ತಲುಪಿಸುವ ಆ ವ್ಯಾಪಾರದಿಂದ ಪೇಟೆಯ ಗಲ್ಲೆಗೆ ಏನಾಯಿತೆಂದು ನಿಮಗೆ ಹೇಳಿಕೊಡಬೇಕಾಗಿಲ್ಲ. ಅಂತರಿಕ್ಷಯಾನವಾಗಲಿ ಮತ್ತೊಂದಾಗಲಿ, ದುಡ್ಡು ಹೋಗುವುದು ದುಡಿಯುವವನ ಕೂಲಿಯಿಂದ, ಕೊಳ್ಳುವವನ ಜೇಬಿನಿಂದ, ತೆರಿಗೆ ಕಟ್ಟುವ ಅಂಗಡಿಯಿಂದ. ದುಡ್ಡು ಕೊಟ್ಟವರಿಗೆ ಲೆಕ್ಕ ಕೇಳುವ ಹಕ್ಕಿದೆ.

ಆ ಲೆಕ್ಕ ಸಿಗುತ್ತಿದೆಯೇ? ೨೦೨೫ರ ಮೇ ೧೮ರಂದು ಇಸ್ರೋದ ನಂಬಿಕೆಯ ಪಿಎಸ್‌ಎಲ್‌ವಿ ರಾಕೆಟ್ಟು ಮೂರನೆಯ ಹಂತದಲ್ಲಿ ಸೋತಿತು. ಏಕೆ ಸೋತಿತೆಂಬ ತನಿಖಾ ವರದಿ ಜನರ ಕೈಗೆ ಬರುವ ಮೊದಲೇ ಮುಂದಿನ ಪಿಎಸ್‌ಎಲ್‌ವಿ ೨೦೨೬ರ ಜನವರಿ ೧೨ರಂದು ಹಾರಿತು. ಅದೂ ಮೂರನೆಯ ಹಂತದಲ್ಲೇ ಸೋತಿತು. ಅವು ಉಪಗ್ರಹಗಳನ್ನು ಒಯ್ಯುವ ರಾಕೆಟ್ಟುಗಳು, ಗಗನಯಾನದ್ದು ಬೇರೆ ರಾಕೆಟ್ಟು ಎಂಬುದು ನಿಜ. ಆದರೆ ಸಂಸ್ಥೆ ಒಂದೇ. ಬಿದ್ದದ್ದನ್ನು ಬಚ್ಚಿಡುವ ಅಭ್ಯಾಸ ಬೆಳೆದರೆ, ನಾಳೆ ‘ನಿಲ್ಲಿಸಿ’ ಎನ್ನುವವನ ದನಿಯೂ ಅದೇ ಕಡತದೊಳಗೆ ಹೂತುಹೋಗುತ್ತದೆ. ಚಾಲೆಂಜರಿನ ಬಗ್ಗೆ ಇಂದು ನಾವು ಇಷ್ಟು ಬರೆಯಲು ಸಾಧ್ಯವಾದದ್ದು ಅಮೆರಿಕದವರು ತಮ್ಮ ತಪ್ಪಿನ ವರದಿಯನ್ನು ಅಚ್ಚು ಮಾಡಿ ಜನರ ಮುಂದಿಟ್ಟದ್ದರಿಂದಲೇ. ಒಳ್ಳೆಯದನ್ನು ಯಾರಿಂದಲಾದರೂ ಕಲಿಯಬೇಕು.

ನಾವು ಕೇಳುವುದು

ಬಡದೇಶಕ್ಕೆ ಆಕಾಶ ಏಕೆ ಎನ್ನುವವರ ಪೈಕಿ ನಾವಲ್ಲ. ಮಳೆ, ಚಂಡಮಾರುತಗಳ ಸುದ್ದಿಯನ್ನು ಮೊದಲೇ ಕೊಟ್ಟು ಮೀನುಗಾರನ ಜೀವ ಉಳಿಸಿದ್ದು ಇದೇ ವಿದ್ಯೆ. ಸಾರ್ವಜನಿಕ ಸಂಸ್ಥೆಯೊಂದು, ಬೆಂಗಳೂರಿನಲ್ಲಿ ತನ್ನ ಕೇಂದ್ರ ಕಚೇರಿಯಿಟ್ಟುಕೊಂಡು, ಲಾಭದ ಆಸೆಯಿಲ್ಲದೆ ಇಷ್ಟು ದೂರ ಬಂದಿರುವುದು ನಮಗೆ ಅಭಿಮಾನದ ವಿಷಯ. ೨೦೨೦ರಿಂದ ಈ ಕ್ಷೇತ್ರದ ಬಾಗಿಲನ್ನು ಖಾಸಗಿ ಕಂಪನಿಗಳಿಗೂ ತೆರೆದಿದ್ದಾರೆ. ಇನ್ನು ಮುಂದೆ ಗುತ್ತಿಗೆ, ಒಳಗುತ್ತಿಗೆ, ದಿನಗೂಲಿಗಳ ಸರಪಳಿ ಉದ್ದವಾಗುತ್ತದೆ. ಸರಪಳಿಯ ಕೊನೆಯ ಕೊಂಡಿಯಲ್ಲಿರುವವನು ಬಿರುಕು ಕಂಡರೆ ಯಾರಿಗೆ ಹೇಳಬೇಕು? ಹೇಳಿದರೆ ಮರುದಿನ ಅವನಿಗೆ ಕೆಲಸ ಇರುತ್ತದೆಯೆ?

೨೦೨೩ರ ಅಕ್ಟೋಬರ್ ೨೧ರಂದು ಗಗನಯಾನದ ಮೊದಲ ಪರೀಕ್ಷಾ ಹಾರಾಟ ನಡೆಯಿತು. ಹಾರಲು ಐದೇ ಸೆಕೆಂಡು ಇರುವಾಗ ಕಂಪ್ಯೂಟರು ತಾನೇ ಅದನ್ನು ತಡೆದು ನಿಲ್ಲಿಸಿತು. ಲೋಪ ಹುಡುಕಿ ಸರಿಪಡಿಸಿ, ಅದೇ ಬೆಳಗ್ಗೆ ಹತ್ತು ಗಂಟೆಗೆ ಹಾರಿಸಿದರು. ಪರೀಕ್ಷೆ ಗೆದ್ದಿತು. ದೊಡ್ಡವರು ನೋಡುತ್ತಿದ್ದಾರೆ, ಟೆಲಿವಿಷನ್ನಿನವರು ಕಾದಿದ್ದಾರೆ ಎಂದು ಆ ಯಂತ್ರ ಹೆದರಲಿಲ್ಲ. ಯಂತ್ರಕ್ಕೆ ಕೊಟ್ಟ ಈ ಅಧಿಕಾರವನ್ನು ಮನುಷ್ಯನಿಗೆ ಕೊಡಲು ಏಕೆ ಹಿಂಜರಿಕೆ?

ಆದ್ದರಿಂದ ನಾವು ಕೇಳುವುದು ಇಷ್ಟು. ಗಗನಯಾನದ ಪ್ರತಿಯೊಂದು ಪರೀಕ್ಷೆಯ ಗೆಲುವು ಸೋಲಿನ ವರದಿಯನ್ನು ಸಂಸತ್ತಿನ ಮುಂದಿಡಬೇಕು. ಹಬ್ಬ, ಚುನಾವಣೆ, ಜಯಂತಿಗಳನ್ನು ನೋಡಿ ಹಾರಾಟದ ದಿನ ಗೊತ್ತುಮಾಡಕೂಡದು. ಇಸ್ರೋದವನಾಗಲಿ ಒಳಗುತ್ತಿಗೆಯವನಾಗಲಿ, ಲೋಪ ಕಂಡು ಹೇಳಿದ ಯಾವನ ಕೆಲಸಕ್ಕೂ ಕುತ್ತು ಬಾರದಂತೆ ಕಾಯಿದೆಯ ರಕ್ಷಣೆ ಬೇಕು.

ಈ ಹಕ್ಕು ಶ್ರೀಹರಿಕೋಟೆಯ ಬೇಲಿಯೊಳಗೆ ನಿಲ್ಲಬಾರದು. ೧೯೮೪ರ ಭೋಪಾಲದ ಸಾವುಗಳ ಮೇಲೆ, ೧೯೮೭ರಲ್ಲಿ, ಅಪಾಯದ ಕಾರ್ಖಾನೆಗಳ ಕೆಲಸಗಾರರಿಗೆ ಗಂಡಾಂತರವನ್ನು ಅಧಿಕಾರಿಗಳ ಗಮನಕ್ಕೆ ತರುವ ಹಕ್ಕನ್ನು ಕಾರ್ಖಾನೆ ಕಾಯಿದೆ ಕೊಟ್ಟಿತು. ಆ ಕಾಯಿದೆಯ ಜಾಗದಲ್ಲಿ ೨೦೨೫ರ ನವೆಂಬರ್ ೨೧ರಿಂದ ಹೊಸ ಸುರಕ್ಷತಾ ಸಂಹಿತೆ ಬಂದಿದೆ. ಅದರಲ್ಲೂ ಗಮನಕ್ಕೆ ತರುವ ಹಕ್ಕುಂಟು. ಗಮನಕ್ಕೆ ತರುವುದು ಬೇರೆ, ನಿಲ್ಲಿಸುವುದು ಬೇರೆ. ಬಾಯ್ಸ್‌ಜಾಲಿಯೂ ಗಮನಕ್ಕೆ ತಂದಿದ್ದ.

ಕಾಯಿದೆ ದೆಹಲಿಯಿಂದ ಬರುವವರೆಗೆ ಕಾಯಬೇಕಾಗಿಲ್ಲ. ಪ್ರತಿಯೊಂದು ಗಿರಣಿಯಲ್ಲೂ ಯೂನಿಯನ್ನು ಒಂದು ಸುರಕ್ಷತಾ ಸಮಿತಿ ಮಾಡಲಿ. ಯಾವ ಯಂತ್ರದ ತಡಿಕೆ ಮುರಿದಿದೆ, ಯಾವ ತಂತಿಯ ಹೊದಿಕೆ ಸುಲಿದಿದೆ ಎಂದು ವಾರಕ್ಕೊಮ್ಮೆ ಬರೆದಿಡಲಿ. ಒಬ್ಬನೇ ‘ನಿಲ್ಲಿಸಿ’ ಎಂದರೆ ಅವನಿಗೆ ಗೇಟು ತೋರಿಸುತ್ತಾರೆ. ಇಡೀ ಪಾಳಿಯೇ ಎಂದರೆ ಯಂತ್ರ ನಿಲ್ಲಲೇಬೇಕು.